ಮಿಕ್ಕ ಅಡುಗೆ ಮರುದಿನ ಏನಾಗುತ್ತಿತ್ತು?

ಸಾಗರದವಳು:

ಹಳೆಯ ಕಾಲದ ಮನೆಯಡುಗೆಯ ಮಾತು ಬಂದಾಗಲೆಲ್ಲ ಹೋಳಿಗೆ, ಕಡುಬು, ಕಜ್ಜಾಯಗಳ ವರ್ಣನೆಯೇ ನಡೆಯುತ್ತದೆ. ಹಬ್ಬಗಳು ವರ್ಷಕ್ಕೆ ಹತ್ತೋ ಹನ್ನೆರಡೋ ಇದ್ದಾವು. ಉಳಿದ ದಿನಗಳಲ್ಲಿ ನಾವು ಉಂಡದ್ದೇನು ಎಂಬುದನ್ನು ಬರೆದಿಡುವವರು ಕಡಿಮೆ. ಅದರಲ್ಲೂ ಹಿಂದಿನ ದಿನ ಮಿಕ್ಕದ್ದು ಮರುದಿನ ಯಾವ ರೂಪದಲ್ಲಿ ಎಲೆಗೆ ಬರುತ್ತಿತ್ತು ಎಂಬುದನ್ನು ಇಲ್ಲಿ ಕೂಡಿಸೋಣವೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಾನು ಬೆಳೆದದ್ದು 1960ರ ದಶಕದಲ್ಲಿ, ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ. ಊಟಕ್ಕೆ ಕೂರುವವರು ಹದಿನಾಲ್ಕು ಮಂದಿ, ಮೇಲೆ ಬಂದುಹೋಗುವವರು ಬೇರೆ. ಅಮ್ಮ ಮಧ್ಯಾಹ್ನಕ್ಕೆ ಮೊಗೆಕಾಯಿ (ಸಾಂಬಾರು ಸೌತೆ) ಹುಳಿಯನ್ನು ಬಳಪದ ಕಲ್ಲಿನ ಮರಿಗೆಯಲ್ಲಿ ಮಾಡುತ್ತಿದ್ದರು. ಒಲೆಯಿಂದ ಇಳಿಸಿದ ಮೇಲೂ ಕಾಲು ಗಂಟೆ ಆ ಕಲ್ಲು ತನ್ನ ಕಾವಿನಿಂದಲೇ ಹುಳಿಯನ್ನು ಕೊತಕೊತ ಕುದಿಸುತ್ತಿತ್ತು. ರಾತ್ರಿ ಅದನ್ನೇ ಇನ್ನೊಮ್ಮೆ ಕುದಿಸುವುದು. ಬೆಳಿಗ್ಗೆ ಬೂದಿ ಮುಚ್ಚಿದ ಕೆಂಡದ ಮೇಲಿಟ್ಟು ನೀರು ಬತ್ತಿಸಿ ತೆಳ್ಳೇವಿಗೆ (ಅಕ್ಕಿಯ ತೆಳು ದೋಸೆಗೆ) ಬಡಿಸುವುದು. ಆಗಲೂ ಉಳಿದರೆ ಮೂರನೆಯ ಹೊತ್ತಿಗೆ ಅದು ಗೊಜ್ಜಿನಂತಾಗಿ, ಮಜ್ಜಿಗೆ ಅನ್ನದ ಬದಿಗೆ ನೆಂಚಿಕೊಳ್ಳಲು ಬರುತ್ತಿತ್ತು. ಮೊದಲ ದಿನದ ಹುಳಿಗಿಂತ ಈ ಬತ್ತಿಸಿದ ಹುಳಿಯೇ ರುಚಿ ಎಂಬುದರಲ್ಲಿ ನಮ್ಮ ಮನೆಯ ಮಕ್ಕಳಲ್ಲಿ ಎರಡು ಮಾತಿರಲಿಲ್ಲ.

ಆ ಮೊಗೆಕಾಯಿಯಾದರೂ ಪೂರ್ತಿ ಬಳಕೆಯಾಗುತ್ತಿತ್ತು. ಸಿಪ್ಪೆಯ ಸಮೇತ ಹೋಳು ಹುಳಿಗೆ, ತಿರುಳು ತಂಬುಳಿಗೆ, ಬಲಿತ ಬೀಜ ಬೂದಿಯಲ್ಲಿ ಹೊರಳಿ ಮುಂದಿನ ಬಿತ್ತನೆಗೆ. ಅಕ್ಕಿ ತೊಳೆದ ಅಕ್ಕಚ್ಚು ದನದ ಬಾನಿಗೆ ಹೋದರೆ, ಅನ್ನ ಬಸಿದ ತಿಳಿಯಲ್ಲಿ ಸ್ವಲ್ಪ ಸೀರೆಗಳಿಗೆ ಗಂಜಿ ಹಾಕಲು ಉಳಿಯುತ್ತಿತ್ತು. ರಾತ್ರಿಯ ಅನ್ನ ಮಿಕ್ಕರೆ ನೀರು ಹಾಕಿಡುವುದು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಮಾವಿನ ಮಿಡಿ. ಮದುವೆ ಮುಂಜಿಯ ಮರುದಿನ ಅನ್ನ ತೀರಾ ಹೆಚ್ಚಾದರೆ ಅದನ್ನು ರುಬ್ಬಿ, ಜೀರಿಗೆ ಮೆಣಸು ಸೇರಿಸಿ, ಚಾಪೆಯ ಮೇಲೆ ಸಂಡಿಗೆ ಇಡುತ್ತಿದ್ದರು. ನಿಮ್ಮ ಸೀಮೆಯಲ್ಲಿ ಹೇಗಿತ್ತು?

ಬಿಳಿಜೋಳ:

ನಮ್ಮದು ವಿಜಯಪುರದ ಕಡೆ. ನಮ್ಮಲ್ಲಿ ತಂಗಳ ರೊಟ್ಟಿಯನ್ನು ಮಿಕ್ಕದ್ದು ಎಂದು ಕರೆಯುವುದೇ ಸರಿಯಲ್ಲ, ಏಕೆಂದರೆ ಮಿಗಲೆಂದೇ ನಾಲ್ಕು ರೊಟ್ಟಿ ಹೆಚ್ಚು ಬಡಿಯುತ್ತಿದ್ದರು. ಬೆಳಿಗ್ಗೆ ಹೊಲಕ್ಕೆ ಹೋಗುವವರಿಗೆ ಬಿಸಿ ರೊಟ್ಟಿಗಿಂತ ಹಿಂದಿನ ರಾತ್ರಿಯ ರೊಟ್ಟಿ, ಕೆನೆಮೊಸರು, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಹೆಚ್ಚು ಹಿಡಿಸುತ್ತಿತ್ತು. ಎರಡನೆಯ ದಿನಕ್ಕೂ ಉಳಿದರೆ ಒಲೆಯ ಪಕ್ಕದಲ್ಲಿ ನಿಲ್ಲಿಸಿ ಕಟಕ ಮಾಡುವುದು. ಹಾಗೆ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬುಟ್ಟಿಯ ತಳದಲ್ಲಿ ಉಳಿದ ಚೂರುಗಳನ್ನು ಅವ್ವ ಪುಡಿ ಮಾಡಿ, ನೀರು ಚಿಮುಕಿಸಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿದರೆ ಅದೇ ನಮಗೆ ಶಾಲೆಗೆ ಹೋಗುವ ಮುಂಚಿನ ತಿಂಡಿ. ಜೋಳ ಬೀಸಿ ಸಾಣಿಗೆ ಹಿಡಿದಾಗ ಮೇಲೆ ಉಳಿಯುವ ನುಚ್ಚು ಕೂಡ ವ್ಯರ್ಥವಾಗುತ್ತಿರಲಿಲ್ಲ. ಅದನ್ನು ಕುದಿಸಿ ಮಜ್ಜಿಗೆಯೊಡನೆ ಉಣ್ಣುವುದು ಬೇಸಿಗೆಯ ರಾತ್ರಿಯ ಊಟ.

ಒಂದು ವಿಷಯವನ್ನು ಮಾತ್ರ ಹೇಳಲೇಬೇಕು. 1972ರ ಬರದಲ್ಲಿ ನಮ್ಮ ಮನೆಯಲ್ಲಿ ಏನೂ ಮಿಗಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಮೆರಿಕದಿಂದ ಬಂದ ಕೆಂಪು ಜೋಳ ಕೊಡುತ್ತಿದ್ದರು, ಅದಕ್ಕೆ ಮೈಲೋ ಎಂಬ ಹೆಸರು. ಬಿಳಿಜೋಳದ ಹಿಟ್ಟಿಗೆ ಕುದಿವ ಎಸರು ಹಾಕಿ ನಾದಿದರೆ ಜಿಗಿ ಬರುತ್ತದೆ, ತಟ್ಟಿದಷ್ಟೂ ಅಗಲವಾಗುತ್ತದೆ. ಈ ಜೋಳ ಎಷ್ಟು ನಾದಿದರೂ ಹಿಟ್ಟು ನಾದುವ ಕೊಣಮಿಗೆಯಲ್ಲಿಯೇ ಹರಿದುಹೋಗುತ್ತಿತ್ತು. ಊರಿಗೇ ಕೈಚಳಕಕ್ಕೆ ಹೆಸರಾದ ಅವ್ವ ಅದನ್ನು ಹಂಚಿನ ಮೇಲೆ ಮುಟಿಗೆ ಮುಟಿಗೆಯಾಗಿ ಒತ್ತಿ ಬೇಯಿಸಿ ಕೊಡುತ್ತಿದ್ದಳು. ಇಂದಿಗೂ ಮನೆಯಲ್ಲಿ ರೊಟ್ಟಿ ಹರಿದರೆ ನಮ್ಮ ಅಣ್ಣ “ಮೈಲೋ ಬಂತು” ಎನ್ನುತ್ತಾನೆ, ಸಣ್ಣವರಿಗೆ ಅರ್ಥವಾಗುವುದಿಲ್ಲ.

ಹಬ್ಬದ ಅಡುಗೆಯನ್ನು ಬಿಡಬೇಕೆಂದು ನೀವು ಹೇಳಿದರೂ ಹೋಳಿಗೆಯ ಕಟ್ಟಿನ ಸಾರನ್ನು ನಾನು ಬಿಡಲಾರೆ. ಬೇಳೆ ಬೇಯಿಸಿ ಬಸಿದ ನೀರಿನಿಂದ ಆಗುವ ಆ ಸಾರು ಹಬ್ಬದ ದಿನಕ್ಕಿಂತ ಮರುದಿನದ್ದೇ ರುಚಿ ಎಂಬುದು ನಮ್ಮ ಕಡೆ ಎಲ್ಲರೂ ಒಪ್ಪುವ ಮಾತು.

ಮಂಡ್ಯ ಸೀಮೆ:

ಬಸಿದ ನೀರಿನ ಮಾತು ಬಂದದ್ದರಿಂದ ನಮ್ಮ ಬಸ್ಸಾರನ್ನು ಹೇಳದೆ ಇರಲಾಗದು. ಕಾಳು ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸೌದೆಯಲ್ಲಿ, ಒಂದೇ ಮಡಕೆಯಲ್ಲಿ ಎರಡು ಅಡುಗೆ. ಇದನ್ನು ಇಂದು ಹೋಟೆಲಿನ ಫಲಕಗಳಲ್ಲಿ ವಿಶೇಷ ತಿನಿಸೆಂದು ಬರೆದಿರುವುದನ್ನು ನೋಡಿದಾಗ ನನಗೆ ನಗು ಬರುತ್ತದೆ. ನಮ್ಮಲ್ಲಿ ಮನೆಯಲ್ಲಿ ಬೇರೇನೂ ಇಲ್ಲದ ದಿನ ಮಾಡುತ್ತಿದ್ದ ಅಡುಗೆ ಅದು.

ಇದಕ್ಕಿಂತಲೂ ಹಿಂದಿನ ಲೆಕ್ಕ ಹುರುಳಿಯದು. ಉಳುಮೆಯ ಕಾಲದಲ್ಲಿ ಎತ್ತುಗಳಿಗೆ ಹುರುಳಿ ಬೇಯಿಸಬೇಕು. ಸೇರುಗಟ್ಟಲೆ ಹುರುಳಿಯನ್ನು ದೊಡ್ಡ ಹರವಿಯಲ್ಲಿ ಬೇಯಿಸಿ, ಕಾಳನ್ನು ಎತ್ತಿಗೆ ಇಟ್ಟು, ಕಟ್ಟನ್ನು ಮನೆಯೊಳಗೆ ತಂದು ಸಾರು ಮಾಡುತ್ತಿದ್ದರು. ಹುರುಳಿ ಕಟ್ಟಿನ ಸಾರೆಂದರೆ ಹೀಗೆ ಎತ್ತಿನ ಪಾಲಿನಿಂದ ನಮಗೆ ಸಿಕ್ಕದ್ದು. ನಮ್ಮ ಊರಿನಲ್ಲಿ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಮೇಲೆ ಈ ಸಾರು ಮನೆಗಳಲ್ಲಿ ಅಪರೂಪವಾಯಿತು, ಏಕೆಂದರೆ ಸಾರಿಗೋಸ್ಕರವೇ ಅಷ್ಟು ಹುರುಳಿಯನ್ನು ಯಾರೂ ಬೇಯಿಸುವುದಿಲ್ಲ.

ರಾತ್ರಿಯ ಹಿಟ್ಟು ಮಿಕ್ಕರೆ (ನಾವು ಮುದ್ದೆಗೆ ಹಿಟ್ಟು ಎಂದೇ ಅನ್ನುವುದು) ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿಯುವುದು. ಅದರ ಮೇಲೆ ಮಧ್ಯಾಹ್ನದವರೆಗೆ ಗುದ್ದಲಿ ಹಿಡಿಯಬಹುದಿತ್ತು.

ಹೊಟ್ಟಿನ ಒಲೆ:

ಹಳ್ಳಿಯವರೆಲ್ಲ ಬರೆದಿದ್ದೀರಿ, ಪೇಟೆಯ ಬಡತನದ ಅಡುಗೆಯೂ ಇಲ್ಲಿ ಸೇರಲಿ. ಮೈಸೂರಿನ ಒಂದು ವಠಾರದಲ್ಲಿ ನಾವಿದ್ದೆವು. ಎರಡು ಕೋಣೆ, ಏಳು ಜನ, ಅಪ್ಪನ ಗುಮಾಸ್ತಿಕೆಯ ಸಂಬಳ. ನಮಗೆ ಕೊಟ್ಟಿಗೆಯಿಲ್ಲ, ಎತ್ತಿಲ್ಲ, ಹಿತ್ತಿಲಿಲ್ಲ. ನಮ್ಮ ಲೆಕ್ಕವೆಲ್ಲ ಉರುವಲಿನದು.

ಮರದ ಕಾರ್ಖಾನೆಯಿಂದ ಮೂಟೆಯಲ್ಲಿ ಹೊಟ್ಟು ತರುವುದು ನನ್ನ ಕೆಲಸ. ತಗಡಿನ ಒಲೆಯ ನಡುವೆ ಒಂದು ಬಾಟಲಿಯನ್ನೋ ಒನಕೆಯ ತುಂಡನ್ನೋ ನಿಲ್ಲಿಸಿ, ಅಡ್ಡ ತೂತಿಗೆ ಇನ್ನೊಂದು ಕೋಲು ಹಾಕಿ, ಸುತ್ತ ಹೊಟ್ಟನ್ನು ಬಿಗಿಯಾಗಿ ಗಿಡಿದು, ಬಳಿಕ ಬಾಟಲಿಯನ್ನು ತಿರುಗಿಸುತ್ತಾ ಮೆಲ್ಲಗೆ ಎಳೆಯಬೇಕು. ಗೋಡೆ ಕುಸಿದರೆ ಮತ್ತೆ ಮೊದಲಿನಿಂದ. ಸರಿಯಾಗಿ ತುಂಬಿದ ಒಲೆ ಎರಡು ಮೂರು ಗಂಟೆ ಒಂದೇ ಸಮನೆ ಉರಿಯುತ್ತದೆ, ಆದರೆ ಒಮ್ಮೆ ಹೊತ್ತಿಸಿದ ಮೇಲೆ ನಡುವೆ ಆರಿಸಲು ಬರುವುದಿಲ್ಲ. ಆದ್ದರಿಂದ ಅಡುಗೆ ಮುಗಿದರೂ ಒಲೆ ಉರಿಯುತ್ತಲೇ ಇರುತ್ತಿತ್ತು; ಆ ಉಳಿದ ಉರಿಗಾಗಿಯೇ ಅಮ್ಮ ಕೆಲಸ ಹುಡುಕುತ್ತಿದ್ದರು. ಹಿಂದಿನ ದಿನದ ಸಾರನ್ನು ಕುದಿಸುವುದು, ನಾಳೆಯ ಕಾಳು ಬೇಯಿಸುವುದು, ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುವುದು, ಕೊನೆಗೆ ಸ್ನಾನದ ನೀರು. ಸಾಗರದವರೇ, ನಿಮ್ಮಲ್ಲಿ ಹುಳಿ ಮಿಕ್ಕುತ್ತಿತ್ತು. ನಮ್ಮಲ್ಲಿ ಬೆಂಕಿ ಮಿಕ್ಕುತ್ತಿತ್ತು.

1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಬೇಕೆಂದು ಕೇಳಿಕೊಂಡಾಗ ನನ್ನ ವಯಸ್ಸು ಒಂಬತ್ತು. ಅಪ್ಪ ಅದನ್ನು ಶ್ರದ್ಧೆಯಿಂದ ಪಾಲಿಸಿದರು, ಆದರೆ ಮಂಗಳವಾರ ಬೆಳಿಗ್ಗೆ ಎಂದಿನಂತೆ ತಂಗಳು ಇರುತ್ತಿರಲಿಲ್ಲವಾಗಿ ನಮ್ಮ ಹೊಟ್ಟೆಗೆ ಎರಡು ಹೊತ್ತು ತಪ್ಪಿದಂತಾಗುತ್ತಿತ್ತು. ಶಾಲೆಯಲ್ಲಿ ಆಗ ಅಮೆರಿಕದ ಹಾಲಿನ ಪುಡಿ, ಉಪ್ಪಿಟ್ಟು ಕೊಡುತ್ತಿದ್ದದ್ದರಿಂದ ಹೇಗೋ ಸರಿದೂಗುತ್ತಿತ್ತು.

ಇನ್ನೊಂದು ಮಾತು. ನಮ್ಮ ಮನೆಗೆ ಫ್ರಿಜ್ ಬಂದದ್ದು 1986ರಲ್ಲಿ. ಆ ವರ್ಷದಿಂದ ಮಿಕ್ಕ ಅಡುಗೆಗೆ ಬೇರೆ ಹೆಸರು ಬರುವುದು ನಿಂತುಹೋಯಿತು. ಮೊದಲು ಅನ್ನ ಅನ್ನವಾಗಿಯೇ ಮರುದಿನ ಸಂಜೆಯವರೆಗೆ ಉಳಿಯಲು ಸಾಧ್ಯವಿರಲಿಲ್ಲ. ಅದು ಚಿತ್ರಾನ್ನವೋ ಮಜ್ಜಿಗೆ ಅನ್ನವೋ ದೋಸೆಯ ಹಿಟ್ಟೋ ಆಗಲೇಬೇಕಿತ್ತು. ಫ್ರಿಜ್‌ನಲ್ಲಿಟ್ಟ ಸಾರು ಮೂರು ದಿನವಾದರೂ ಅದೇ ಸಾರು. ಮೂರನೆಯ ದಿನ ಅದನ್ನು ಯಾರೂ ಕೇಳುವುದಿಲ್ಲ, ನಾಲ್ಕನೆಯ ದಿನ ಚೆಲ್ಲುತ್ತೇವೆ.

ಕಡಲ ಬದಿ:

ಫ್ರಿಜ್‌ನ ಮಾತು ನಿಜ. ಕುಂದಾಪುರದ ನಮ್ಮ ಮನೆಯಲ್ಲಿ ಬೂತಾಯಿ ಸಾರನ್ನು ಮಣ್ಣಿನ ಪಾತ್ರೆಯಲ್ಲಿ ಮಾಡಿ, ರಾತ್ರಿ ಮಲಗುವ ಮುಂಚೆ ಒಂದು ಕುದಿ ಬರಿಸಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಆ ಗಟ್ಟಿಯಾದ ಸಾರು. ಸೌಟು ಹಾಕಿ ಕಲಕಬಾರದು, ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ತಿರುಗಿಸಬೇಕು, ಇಲ್ಲದಿದ್ದರೆ ಮೀನು ಮುರಿದು ಮುಳ್ಳು ಬೇರೆಯಾಗುತ್ತದೆ.

ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯದ ಎರಡು ತಿಂಗಳು ಬೇಸಿಗೆಯಲ್ಲಿ ಕೂಡಿಟ್ಟದ್ದನ್ನು ತೆಗೆಯುವ ಕಾಲ: ಒಣಮೀನು, ಉಪ್ಪುನೀರಿನಲ್ಲಿ ಹಾಕಿದ ಹಲಸಿನ ಸೊಳೆ, ಕೆಮ್ಮಣ್ಣು ಸವರಿ ಮೂಲೆಯಲ್ಲಿ ರಾಶಿ ಹಾಕಿದ ಹಲಸಿನ ಬೀಜ, ಬಾಳೆಯ ಬಳ್ಳಿಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದ ಸೌತೆಕಾಯಿ. ಉಪ್ಪುಸೊಳೆಯನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡುತ್ತಿದ್ದರು. ಅದರ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಾನು ಈಗ ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತೇನೆ.

ಎರಡನೆಯ ಪಂಕ್ತಿ:

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಮಿಕ್ಕದ್ದನ್ನು ಏನು ಮಾಡುತ್ತಿದ್ದರು ಎಂದು ಎಲ್ಲರೂ ಬರೆದಿದ್ದೀರಿ, ಅದನ್ನು ಯಾರು ಉಣ್ಣುತ್ತಿದ್ದರು ಎಂದು ಯಾರೂ ಸ್ಪಷ್ಟವಾಗಿ ಬರೆದಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಮತ್ತು ಮಕ್ಕಳ ಪಂಕ್ತಿ ಮೊದಲು, ಹೆಂಗಸರದು ಆಮೇಲೆ. ಹೊಸದಾಗಿ ಮಾಡಿದ ಪಲ್ಯ ಮೊದಲ ಪಂಕ್ತಿಗೇ ಮುಗಿದರೆ ಎರಡನೆಯ ಪಂಕ್ತಿಗೆ ಹಿಂದಿನ ದಿನದ ಹುಳಿ. ಬಿಸಿ ಅನ್ನ ಕಡಿಮೆ ಬಿದ್ದರೆ ಅತ್ತೆ ತಂಗಳನ್ನು ತಾವು ಬಡಿಸಿಕೊಂಡು ಸೊಸೆಗೆ ಬಿಸಿಯದು ಹಾಕುತ್ತಿದ್ದರೋ, ಇಲ್ಲವೇ ಅದರ ತಿರುವುಮುರುವೋ ಎಂಬುದರ ಮೇಲೆ ಆ ಮನೆಯ ಅತ್ತೆ ಎಂಥವರೆಂದು ಊರಿನಲ್ಲಿ ತೀರ್ಮಾನವಾಗುತ್ತಿತ್ತು. ನಮ್ಮ ಮನೆಯಲ್ಲಿ ತಿರುವುಮುರುವು.

ಗೊಜ್ಜು ಮಾಡಿದ ಬಾಣಲೆಗೆ ಅನ್ನ ಹಾಕಿ, ಅಂಟಿದ್ದನ್ನೆಲ್ಲ ಒರೆಸಿ ಕಲಸಿ ತಿನ್ನುವುದು ಎಷ್ಟು ರುಚಿ ಎಂದು ಅನೇಕರು ನೆನೆಯುತ್ತಾರೆ. ಮಕ್ಕಳಿಗೆ ಅದು ಆಟವಾಗಿತ್ತು. ನಮ್ಮ ಚಿಕ್ಕಮ್ಮನಿಗೆ ಎಷ್ಟೋ ದಿನ ಅದೇ ಊಟವಾಗಿತ್ತು, ಏಕೆಂದರೆ ಬಾಣಲೆಗೆ ಅಂಟಿದ್ದನ್ನು ಬಿಟ್ಟರೆ ಗೊಜ್ಜೇ ಉಳಿದಿರುತ್ತಿರಲಿಲ್ಲ. ಹೊಗೆಯ ಮುಂದೆ ಊದುಗೊಳವೆ ಹಿಡಿದು ಕೂತವರ ಕಣ್ಣು, ಕೆಮ್ಮು ಇವೂ ಆ ಕೈರುಚಿಯ ಲೆಕ್ಕದಲ್ಲಿ ಸೇರಬೇಕು.

ಬಿಳಿಜೋಳ:

ನೀವು ಹೇಳಿದ್ದನ್ನು ಅಲ್ಲಗಳೆಯಲಾರೆ. ಆದರೆ ಎಲ್ಲ ಮನೆಗಳೂ ಒಂದೇ ತೆರನಾಗಿರಲಿಲ್ಲ. ನಮ್ಮಲ್ಲಿ ಅವ್ವ ಹೊಲಕ್ಕೆ ಹೋಗುತ್ತಿದ್ದುದರಿಂದ ಬುಟ್ಟಿಯ ರೊಟ್ಟಿಯನ್ನು ಅಪ್ಪ, ಅವ್ವ ಬದುವಿನ ಮೇಲೆ ಕೂತು ಒಟ್ಟಿಗೇ ಉಣ್ಣುತ್ತಿದ್ದರು. ಮನೆಯಲ್ಲಿ ಮಾತ್ರ ಅವಳದು ಕೊನೆಯ ಊಟವೇ. ಇದನ್ನು ಈವರೆಗೆ ನಾನು ಹೀಗೆ ಹೋಲಿಸಿ ನೋಡಿರಲಿಲ್ಲ.

ಹಿತ್ತಿಲ ಬಾಗಿಲು:

ಈ ಚರ್ಚೆಯಲ್ಲಿ ನನಗೂ ಒಂದು ಪಾಲಿದೆ. ಸಾಗರದವರು ವರ್ಣಿಸಿದಂಥ ತೋಟದ ಮನೆಯೊಂದಕ್ಕೆ ನನ್ನ ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಸಾಗರದವರ ಹುಳಿಯ ಕಥೆ ಮೂರನೆಯ ಹೊತ್ತಿಗೆ ಮುಗಿಯಿತು. ನಾಲ್ಕನೆಯ ಹೊತ್ತನ್ನು ನಾನು ಬರೆಯುತ್ತೇನೆ. ಅದು ಹಿತ್ತಿಲ ಬಾಗಿಲಿನಲ್ಲಿ, ಅಡಿಕೆಯ ಹಾಳೆಯಲ್ಲಿ, ಮೇಲಿನಿಂದ ಎತ್ತಿ ಹಾಕಿದಂತೆ ನಮಗೆ ಬರುತ್ತಿತ್ತು. ಅಮ್ಮ ಅದನ್ನು ಮನೆಗೆ ತಂದು, ಒಂದು ಒಣಮೀನನ್ನು ಕೆಂಡದಲ್ಲಿ ಸುಟ್ಟು ಜೊತೆಗೆ ಇಡುತ್ತಿದ್ದಳು.

ಆ ಹುಳಿ ರುಚಿಯಾಗಿತ್ತೇ ಎಂದರೆ, ಹೌದು, ರುಚಿಯಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ನಮ್ಮ ಸ್ವಂತ ಅಡುಗೆಯಲ್ಲಿ ಮಿಕ್ಕದ್ದು ಎಂಬುದೇ ಇರಲಿಲ್ಲ. ಗಂಜಿ, ಕೆಸುವಿನ ಸೊಪ್ಪು, ಮಳೆಗಾಲದಲ್ಲಿ ಗದ್ದೆಯ ಏಡಿ, ಕಳಲೆ. ಮಾಡಿದ್ದು ಮಾಡಿದಾಗಲೇ ಮುಗಿಯುತ್ತಿತ್ತು. ಗದ್ದೆಯ ಏಡಿಯನ್ನು ಜಜ್ಜಿ ಮಾಡುವ ಸಾರು ಅಮ್ಮನಿಗೆ ಬಂದಂತೆ ಇನ್ನಾರಿಗೂ ಬರುವುದಿಲ್ಲ. ಅದನ್ನು ಯಾವ ದೊಡ್ಡ ಮನೆಯಿಂದಲೂ ನಾವು ತರಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಉಪ್ಪುಹುಳಿ:

ಆಹಾರ ವಿಜ್ಞಾನ ಓದಿದವಳಾಗಿ ಒಂದೆರಡು ವಿವರಣೆ ಕೊಡುವುದು ಅಗತ್ಯವೆನಿಸಿತು, ಏಕೆಂದರೆ ಇದನ್ನು ಓದಿ ಯಾರಾದರೂ ಬೇಸಿಗೆಯಲ್ಲಿ ಅನ್ನವನ್ನು ಹಾಗೆಯೇ ಹೊರಗಿಟ್ಟಾರು. ಬೇಯಿಸಿದ ಅನ್ನದಲ್ಲಿ ಕುದಿತವನ್ನೂ ತಾಳಿಕೊಂಡು ಉಳಿಯುವ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರುತ್ತವೆ. ಅನ್ನ ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಉಳಿದರೆ ಅವು ಬೆಳೆದು ವಾಂತಿ ಬರಿಸುವ ವಿಷವನ್ನು ಉಂಟುಮಾಡಬಲ್ಲವು, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನೀರು ಹಾಕಿಟ್ಟ ಅನ್ನದಲ್ಲಿ ಮೊಸರಿನಲ್ಲಿರುವಂಥ ಹುಳಿಯ ಬ್ಯಾಕ್ಟೀರಿಯಾಗಳು ಬೆಳೆದು ನೀರನ್ನು ಹುಳಿ ಮಾಡುವುದರಿಂದ ಬೇರೆಯವುಗಳ ಬೆಳವಣಿಗೆಗೆ ತಡೆ ಬೀಳುತ್ತದೆ. ಆದರೂ ಅದು ಪೂರ್ತಿ ಭರವಸೆಯಲ್ಲ. ಹುಳಿಯ ವಿಷಯದಲ್ಲಿ ಹುಣಿಸೆಯ ಆಮ್ಲ, ಉಪ್ಪು, ಹೊತ್ತುಹೊತ್ತಿಗೆ ಕುದಿಸುವುದು ಇವು ಒಟ್ಟಾಗಿ ಕೆಲಸ ಮಾಡುತ್ತಿದ್ದವು. ತೆಂಗಿನಕಾಯಿ ಹೆಚ್ಚಾಗಿ ಹಾಕಿದ ಹುಳಿ ಬೇಗ ಹಳಸುತ್ತದೆ ಎಂಬುದು ಅಜ್ಜಿಯರಿಗೂ ಗೊತ್ತಿತ್ತು.

ಕಲ್ಲಿನ ಮರಿಗೆ, ಮಣ್ಣಿನ ಪಾತ್ರೆಗಳ ಪ್ರಸ್ತಾಪ ಬಂದದ್ದೂ ಒಳ್ಳೆಯದಾಯಿತು. ಹುಣಿಸೆ ಬಿದ್ದ ಅಡುಗೆಯನ್ನು ಕಲಾಯಿ ಹೋದ ಹಿತ್ತಾಳೆಯಲ್ಲಿ ಇಟ್ಟರೆ ಕಿಲುಬೇಳುತ್ತದೆ. ಬೀದಿಯಲ್ಲಿ ತಿದಿ ಊದಿ, ನವಸಾಗರ ಉಜ್ಜಿ, ತವರ ಬಳಿದು ಕೊಡುತ್ತಿದ್ದ ಕಲಾಯಿಯವರು ಬಾರದೆ ಹೋದ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಹುಳಿಯನ್ನು ಅಂದಂದಿಗೇ ಮುಗಿಸುತ್ತಿದ್ದರು.

ಸಾಗರದವಳು:

ಹಿತ್ತಿಲ ಬಾಗಿಲಿನವರ ಬರಹ ಓದಿ ಎರಡು ದಿನ ಏನನ್ನೂ ಬರೆಯಲಾಗಲಿಲ್ಲ. ನಮ್ಮ ಮನೆಯಲ್ಲಿಯೂ ಹಾಳೆ ಇತ್ತು, ಹಿತ್ತಿಲ ಬಾಗಿಲೂ ಇತ್ತು. ಹುಳಿ ಮೂರನೆಯ ಹೊತ್ತಿಗೆ ಮುಗಿಯುತ್ತಿತ್ತು ಎಂದು ನಾನು ಬರೆದದ್ದು ಸುಳ್ಳಲ್ಲ, ಆದರೆ ಮುಗಿಯುತ್ತಿದ್ದದ್ದು ನನ್ನ ಕಣ್ಣಿಗೆ. ಎತ್ತಿ ಹಾಕುತ್ತಿದ್ದವರು ನನ್ನ ಅಮ್ಮನೇ. ಮುಸುರೆ, ಮಡಿ ಎಂದು ನಮ್ಮ ದೊಡ್ಡಮ್ಮ ತಂಗಳನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲವಾದ್ದರಿಂದ ತಂಗಳಿನ ಲೆಕ್ಕವೆಲ್ಲ ಅಮ್ಮನ ಪಾಲಿಗಿತ್ತು: ಯಾರಿಗೆ ಎಷ್ಟು, ತನಗೆ ಎಷ್ಟು, ಬಾಗಿಲಿಗೆ ಎಷ್ಟು.

ಹೊಗೆಯ ಬಗ್ಗೆ ಎರಡನೆಯ ಪಂಕ್ತಿಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು 1980ರ ದಶಕದಲ್ಲಿ ನಮ್ಮ ಮನೆಯಲ್ಲಿಯೂ ಹಾಕಿಸಿದೆವು. ಹೊಗೆ ಕೊಳವೆಯ ಮೂಲಕ ಹೊರಹೋಗುತ್ತಿತ್ತು, ಸೌದೆಯೂ ಕಡಿಮೆ ಸಾಕಾಗುತ್ತಿತ್ತು. ಅಮ್ಮನ ತಕರಾರು ಒಂದೇ: ಬೂದಿ ಮುಚ್ಚಿದ ಕೆಂಡದ ಮೇಲೆ ಮರಿಗೆ ಇಡಲು ಅದರಲ್ಲಿ ಜಾಗವಿಲ್ಲ. ಆದ್ದರಿಂದ ಹಳೆಯ ಒಲೆಯನ್ನು ಒಡೆಯಲು ಅವರು ಒಪ್ಪಲಿಲ್ಲ. ಕಣ್ಣು ಉರಿಯುತ್ತದೆಂದು ಗೊತ್ತಿದ್ದೂ ಹುಳಿ ಬತ್ತಿಸಲು ಅಲ್ಲಿಗೇ ಹೋಗುತ್ತಿದ್ದರು.

ಹೊಟ್ಟಿನ ಒಲೆ:

ನಿಮ್ಮ ವಿವರಣೆಯಂತೆ ಕಳೆದ ವಾರ ಹುಳಿ ಬತ್ತಿಸಲು ಹೋಗಿ ಎರಡು ಬಾರಿ ತಳ ಹಿಡಿಸಿದೆ. ಮೂರನೆಯ ಬಾರಿ ಸೀದದ್ದು ತಪ್ಪಿತು, ಆದರೆ ಗೊಜ್ಜಾಗುವ ಬದಲು ಅಂಟಿನಂತಾಯಿತು. ತಪ್ಪಿದ್ದೆಲ್ಲಿ?

ಸಾಗರದವಳು:

ಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸಿದ್ದೀರಿ ಎಂದು ಕಾಣುತ್ತದೆ. ಅದು ಪೂರ್ತಿ ಕರಗಿ, ಬತ್ತಿಸಿದಾಗ ಅಂಟಾಗುತ್ತದೆ. ನಮ್ಮಲ್ಲಿ ಹುಳಿಗೆ ಬೇಳೆ ಒಂದು ಹಿಡಿಯಷ್ಟೇ, ಅದೂ ಕಾಳು ಕಾಣುವಂತೆ ಬೆಂದಿರುತ್ತಿತ್ತು. ಹದಿನಾಲ್ಕು ಮಂದಿಗೆ ಅದಕ್ಕಿಂತ ಹೆಚ್ಚು ಹಾಕುವಷ್ಟು ಬೇಳೆ ಡಬ್ಬಿಯಲ್ಲಿ ಇರುತ್ತಿರಲಿಲ್ಲ. ತೆಂಗಿನಕಾಯಿಯೂ ಕಡಿಮೆ ಇರಲಿ. ಮೊಗೆಕಾಯಿಯ ಹೋಳನ್ನು ದಪ್ಪಗೆ, ಸಿಪ್ಪೆಯ ಸಮೇತ ಹೆಚ್ಚಿ. ಇಲ್ಲವಾದರೆ ಎರಡನೆಯ ಕುದಿಗೇ ಕರಗುತ್ತದೆ. ಒಲೆಯ ಉರಿಯನ್ನು ತೀರಾ ಸಣ್ಣಗೆ ಮಾಡಿ, ಪಾತ್ರೆಯ ಕೆಳಗೆ ಒಂದು ಹಳೆಯ ದೋಸೆ ಹಂಚು ಇಟ್ಟರೆ ಕೆಂಡದ ಕಾವಿಗೆ ಹತ್ತಿರ ಬರುತ್ತದೆ. ಮುಚ್ಚಳ ಹಾಕಬೇಡಿ.